ಮುಳುಗಿದ ಇಂಜಿನ್ನಿಗೆ ಕೂಡಲೇ ಹ್ಯಾಂಡ್ಲ್ ಹಾಕಬೇಡಿ

2019ರ ಆಟಿಯ ನೆರೆಗೆ ಹೊಳೆಬದಿಯ ನಮ್ಮ ಪಂಪ್‌ಶೆಡ್ಡು ಮುಳುಗಿತು. 5 ಎಚ್‌ಪಿಯ ಹಳೇ ಡೀಸೆಲ್ ಇಂಜಿನ್ನು ರಾತ್ರಿಯಿಡೀ ನೀರಲ್ಲಿ. ನೀರಿಳಿದದ್ದೇ ಹ್ಯಾಂಡ್ಲ್ ಹಾಕಹೊರಟವನನ್ನು ನೆರೆಮನೆಯ ಅಣ್ಣ ತಡೆದರು. "ಕನೆಕ್ಟಿಂಗ್ ರಾಡ್ ಬಗ್ಗೀತು ಮಾರಾಯಾ!" ಸಿಲಿಂಡರಿನೊಳಗೆ ಗಾಳಿಯಾದರೆ ಒತ್ತಿದಾಗ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ.

ಮೊದಲು ನಾಜಲ್ ಬಿಚ್ಚಿ, ಆಮೇಲೆ ಮೆಲ್ಲ ತಿರುಗಿಸಿ. ನಮ್ಮದರ ತೂತಿನಿಂದ ಕೆಸರುನೀರು ಚಿಮ್ಮಿತು, ಮುಖ ದೂರವಿರಲಿ.

ಸಂಪಿನ ಬೋಲ್ಟು ಸಡಿಲಿಸಿದಾಗ ಮೊದಲು ಬಂದದ್ದು ನೀರೇ. ಆಯಿಲಿಗಿಂತ ಭಾರವಲ್ಲವೇ, ಅಡಿಯಲ್ಲಿ ನಿಂತಿರುತ್ತದೆ. ಡೀಸೆಲ್ ಟ್ಯಾಂಕಿನಲ್ಲೂ ಹಾಗೆಯೇ. ಅದನ್ನು ಪೂರ್ತಿ ಬರಿದು ಮಾಡಿ, ಫಿಲ್ಟರ್ ಹೊಸತು ಹಾಕಿ, ಪೈಪಿನ ಗಾಳಿ ತೆಗೆಯಿರಿ. ಏರ್ ಕ್ಲೀನರ್ ತೊಳೆದು ಒಣಗಿಸುವುದನ್ನು ಮರೆಯಬೇಡಿ.

ಹೊಸ ಆಯಿಲಿನಲ್ಲಿ ಐದತ್ತು ನಿಮಿಷ, ಲೋಡ್ ಇಲ್ಲದೆ ಓಡಿಸಿ ನೋಡಿ. ಆಯಿಲ್ ಹಾಲು ಬೆರೆಸಿದ ಚಾದಂತಾದರೆ ಒಳಗಿನ್ನೂ ನೀರಿದೆ, ಬದಲಿಸಲೇಬೇಕು. ನಮಗೆ ಮೂರು ಸಲ ಬದಲಿಸಬೇಕಾಯಿತು. ಹೊಟ್ಟೆ ಉರಿಯಿತು ನಿಜ, ಆದರೆ ಬೇರಿಂಗ್ ಹೋದರೆ ಖರ್ಚು ಇನ್ನೂ ದೊಡ್ಡದು. ಹಳೇ ಆಯಿಲ್ ಡಬ್ಬಿಗೆ ಹಿಡಿಯಿರಿ, ತೋಡಿಗೆ ಬಿಡಬೇಡಿ.

ಅದೇ ದಿನ ಚಾಲು ಮಾಡಲು ಆಗದಿದ್ದರೆ ನೀರು ತೆಗೆದ ಮೇಲೆ ನಾಜಲಿನ ತೂತಿಗೆ ಒಂದಿಷ್ಟು ಆಯಿಲ್ ಹೊಯ್ದು ನಾಲ್ಕು ಸುತ್ತು ತಿರುಗಿಸಿಡಿ. ಇಲ್ಲವಾದರೆ ರಿಂಗು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.