ಪೆಟ್ ಬಾಟಲಿ ಕರಗಿಸುವ ಕಿಣ್ವ: ರಸಾಯನ ಗೆದ್ದಿದೆ, ಲೆಕ್ಕ ಬಾಕಿಯಿದೆ

ನೀರು ಮತ್ತು ತಂಪು ಪಾನೀಯಗಳ ಪೆಟ್ ಬಾಟಲಿಗಳನ್ನು ಪುಡಿಮಾಡಿ ಕರಗಿಸಿದಾಗಲೆಲ್ಲ ಆ ಪ್ಲಾಸ್ಟಿಕ್‌ನ ಅಣುಸರಪಳಿ ತುಂಡಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣದ ಬಾಟಲಿ, ಆಹಾರದ ತಟ್ಟೆ, ಪಾಲಿಯೆಸ್ಟರ್ ಬಟ್ಟೆಯ ಚೂರುಗಳಿಗಂತೂ ಗಿರಾಕಿಗಳೇ ಕಡಿಮೆ. ಇಂತಹ ಸರಕನ್ನು ಮೂಲವಸ್ತುಗಳಿಗೇ ಒಡೆಯುವ ಸಾಮರ್ಥ್ಯ ಕಿಣ್ವಗಳಿಗಿದೆ. ಕಿಣ್ವ, ಅಂದರೆ ಎಂಜೈಮು, ಉದ್ಯಮಕ್ಕೆ ಹೊಸದೇನಲ್ಲ. ಬಟ್ಟೆ ತೊಳೆಯುವ ಪುಡಿಯಲ್ಲೂ ಚರ್ಮ ಹದಮಾಡುವಲ್ಲಿಯೂ ದಶಕಗಳಿಂದ ಬಳಕೆಯಲ್ಲಿದೆ.

2016ರಲ್ಲಿ ಜಪಾನಿನ ವಿಜ್ಞಾನಿಗಳು ಪೆಟ್ ತಿನ್ನುವ ಬ್ಯಾಕ್ಟೀರಿಯಾವನ್ನು ವರದಿ ಮಾಡಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಕೊಂಡಾಡಿದವು. ಆದರೆ ತೆಳುವಾದ ಹಾಳೆಯೊಂದನ್ನು ಕರಗಿಸಲು ಅದಕ್ಕೆ ವಾರಗಳೇ ಬೇಕಾದವು. ಕಾರ್ಖಾನೆಗೆ ಒದಗಿದ್ದು ಎಲೆಗೊಬ್ಬರದಲ್ಲಿ ದೊರೆತ ಮತ್ತೊಂದು ಕಿಣ್ವ. ಫ್ರಾನ್ಸಿನ ಕಾರ್ಬಿಯೋಸ್ ಸಂಸ್ಥೆ ಮತ್ತು ತುಲೂಸ್‌ನ ಸಂಶೋಧಕರು ಅದನ್ನು ತಿದ್ದಿ, 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10 ಗಂಟೆಗಳೊಳಗೆ ಶೇ. 90ರಷ್ಟು ಪೆಟ್ ಒಡೆಯುವುದನ್ನು 2020ರಲ್ಲಿ ತೋರಿಸಿಕೊಟ್ಟರು. ದೊರೆತ ಟೆರೆಫ್ತಾಲಿಕ್ ಆಮ್ಲ ಮತ್ತು ಎಥಿಲೀನ್ ಗ್ಲೈಕಾಲ್‌ಗಳನ್ನು ಶುದ್ಧೀಕರಿಸಿದರೆ ಹೊಸ ಬಾಟಲಿ ಸಿದ್ಧ.

ವರ್ತಕರು ಕೇಳುವುದು ಖರ್ಚನ್ನು. ಆಶ್ಚರ್ಯವೆಂದರೆ, ಕಿಣ್ವವೇ ದುಬಾರಿಯಲ್ಲ. ಕಿಣ್ವದ ಬೆಲೆ ಕಿಲೋಗೆ 25 ಡಾಲರ್ ಎಂದಿಟ್ಟುಕೊಂಡರೆ, ಅದರ ವೆಚ್ಚ ಹೊಸ ಪೆಟ್ ದರದ ಶೇ. 4ರಷ್ಟು ಮಾತ್ರ ಎಂದು ಆ ಸಂಶೋಧಕರೇ ಲೆಕ್ಕ ಹಾಕಿದ್ದರು. ಹಣ ಸೋರುವುದು ಬೇರೆಡೆ. ಗಟ್ಟಿಯಾದ ಬಾಟಲಿಯ ಒಳಕ್ಕೆ ಕಿಣ್ವ ಹೊಗಲಾರದು. ಆದ್ದರಿಂದ ಸರಕನ್ನು ಕರಗಿಸಿ, ಥಟ್ಟನೆ ತಣಿಸಿ, ನುಣ್ಣಗೆ ಪುಡಿಮಾಡಬೇಕು. ಆಮ್ಲ ಹೆಚ್ಚಿದಂತೆ ಕಾಸ್ಟಿಕ್ ಸೋಡ ಸುರಿಯಬೇಕು. ಕಿಲೋ ಪೆಟ್‌ಗೆ ಅರ್ಧ ಕಿಲೋಗೂ ಮಿಕ್ಕಿ ಸೋಡಿಯಂ ಸಲ್ಫೇಟ್ ಉಳಿಯುತ್ತದೆ. ಅದಕ್ಕೂ ಕೊಳ್ಳುವವರನ್ನು ಹುಡುಕಬೇಕು. ಇಷ್ಟೆಲ್ಲ ಆದಮೇಲೂ ಪೈಪೋಟಿ ಕಚ್ಚಾತೈಲದಿಂದ ತಯಾರಾಗುವ ಹೊಸ ಪೆಟ್‌ನೊಂದಿಗೇ. ತೈಲದ ಬೆಲೆ ಇಳಿದರೆ ಲಾಭವೂ ಇಳಿಯಿತು.

ಈ ಲೆಕ್ಕದ ಬಿಸಿ ಕಾರ್ಬಿಯೋಸ್‌ಗೂ ತಟ್ಟಿದೆ. ಲಾಂಗ್ಲಾವಿಲ್‌ನಲ್ಲಿ ವರ್ಷಕ್ಕೆ 50,000 ಟನ್ ಸಾಮರ್ಥ್ಯದ ಕಾರ್ಖಾನೆಗೆ 2024ರ ಏಪ್ರಿಲ್‌ನಲ್ಲಿ ಶಂಕುಸ್ಥಾಪನೆಯಾಯಿತು. ಬಂಡವಾಳ ಪೂರ್ತಿ ಕೂಡಿಬಾರದೆ ಡಿಸೆಂಬರ್‌ನಲ್ಲಿ ಕಾಮಗಾರಿಯನ್ನು ಮುಂದೂಡಬೇಕಾಯಿತು.

ನಮ್ಮ ಸಣ್ಣ ಉದ್ಯಮಿಗಳಿಗೆ ಇದರಲ್ಲಿ ಸದ್ಯಕ್ಕೆ ಯಂತ್ರ ಕೊಳ್ಳುವ ಮಾತಿಲ್ಲ, ಸರಕು ಒದಗಿಸುವ ಮಾತಿದೆ. 2022ರ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಗಡಸು ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ ಮರುಬಳಕೆಯ ಅಂಶ 2025-26ಕ್ಕೆ ಶೇ. 30ರಷ್ಟಿರಬೇಕೆಂದು ಗುರಿ ನಿಗದಿಪಡಿಸಿದ್ದರಿಂದ, ಸ್ವಚ್ಛ ಬಿಳಿ ಬಾಟಲಿಗೆ ಹಳೆಯ ವಿಧಾನದ ಘಟಕಗಳೇ ಗಿರಾಕಿಗಳು. ಕಿಣ್ವದ ಘಟಕಕ್ಕೆ ಹೊಂದುವುದು ಆ ಘಟಕಗಳು ಬೇಡವೆನ್ನುವ ಬಣ್ಣದ ಪೆಟ್ ಮತ್ತು ಪಾಲಿಯೆಸ್ಟರ್ ಚಿಂದಿ. ಅದೂ ಬೇರ್ಪಡಿಸಿದ್ದಾಗಿರಬೇಕು: ಕೈಚೀಲದ ಪಾಲಿಥೀನ್, ಬಕೆಟ್ಟಿನ ಪಾಲಿಪ್ರೊಪಿಲೀನ್‌ಗಳಲ್ಲಿ ಕಿಣ್ವ ಕತ್ತರಿಸುವ ಎಸ್ಟರ್ ಕೊಂಡಿಯೇ ಇಲ್ಲವಾದ್ದರಿಂದ ಅವು ತೊಟ್ಟಿಯಲ್ಲಿ ಹಾಗೆಯೇ ಉಳಿಯುತ್ತವೆ.