ನಂಜು ಮತ್ತು ಗ್ರಾಹಕ: ಸಂಧ್ಯಾ ವಿಶ್ವೇಶ್ವರಯ್ಯ ಅವರ ಕೋಶಸಂದೇಶ ಸಂಶೋಧನೆ

ನಂಜನಗೂಡಿನ ಹೆಸರಿನಲ್ಲಿಯೇ ನಂಜು ಇದೆ. ವಿಷವನ್ನುಂಡು ಲೋಕವನ್ನು ಕಾಯ್ದ ಶಿವನು ಅಲ್ಲಿ ನಂಜುಂಡೇಶ್ವರನೆಂದು ಪೂಜೆಗೊಳ್ಳುತ್ತಾನೆ. ದೇವಾಲಯದ ಬಳಿ ಹರಿಯುವ ಕಪಿಲೆಯು ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಂಜನಗೂಡಿನ ಪಂಚ ಮಹಾರಥೋತ್ಸವಕ್ಕೂ, ನರಸೀಪುರದ ಸಂಗಮದಲ್ಲಿ 1989ರಿಂದ ಸಾಮಾನ್ಯವಾಗಿ ಮೂರು ವರ್ಷಗಳಿಗೊಮ್ಮೆ ನಡೆದು ಬಂದಿರುವ ಕುಂಭಮೇಳಕ್ಕೂ ಬರುವ ಭಕ್ತಸಮೂಹ ಈ ನದಿಗಳಲ್ಲಿ ಮಿಂದು ಪಾವನವಾದೆನೆಂದು ಭಾವಿಸುತ್ತದೆ. ಬಹುಜನರು ಒಂದೇ ನೀರನ್ನು ಆಶ್ರಯಿಸುವ ಎಡೆಗಳಲ್ಲಿ ಆರೋಗ್ಯ ಇಲಾಖೆಯ ಗಮನವೆಲ್ಲ ಕಣ್ಣಿಗೆ ಕಾಣದ ಇನ್ನೊಂದು ನಂಜಿನ ಮೇಲಿರುತ್ತದೆ. ಮಲದಿಂದ ಕಲುಷಿತವಾದ ನೀರು ಮತ್ತು ಆಹಾರಗಳ ಮೂಲಕ ಹರಡುವ ಎಷರೀಷಿಯ ಕೋಲೈ ಎಂಬ ಬ್ಯಾಕ್ಟೀರಿಯದ ಕೆಲವು ಪ್ರಭೇದಗಳು ಕರುಳಿನೊಳಗೆ ಉತ್ಪಾದಿಸುವ ವಿಷವದು. ಇದು ಯಾವುದೇ ಒಂದು ಊರಿಗೆ ಅಂಟಿದ ದೋಷವಲ್ಲ. ಶುದ್ಧ ನೀರಿನ ಕೊರತೆಯಿರುವ ಎಲ್ಲ ನಾಡುಗಳ ಸಮಸ್ಯೆ. ಆಫ್ರಿಕ ಮತ್ತು ಏಷ್ಯಾದ ಏಳು ಕಡೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನವೊಂದು, ಐದು ವರ್ಷದೊಳಗಿನ ಮಕ್ಕಳ ತೀವ್ರ ಭೇದಿಗೆ ಕಾರಣವಾಗುವ ಪ್ರಮುಖ ರೋಗಾಣುಗಳ ಸಾಲಿನಲ್ಲಿ ಇದನ್ನೂ ಹೆಸರಿಸಿತು. ಆ ಏಳರಲ್ಲಿ ಕೋಲ್ಕತ್ತವೂ ಒಂದು.

ಈ ವಿಷವು ಕರುಳಿನ ಜೀವಕೋಶವನ್ನು ಹೇಗೆ ವಶಪಡಿಸಿಕೊಳ್ಳುತ್ತದೆ, ಕೋಶವು ಅದಕ್ಕೆ ಹೇಗೆ ಕಡಿವಾಣ ಹಾಕುತ್ತದೆ ಎಂಬ ಪ್ರಶ್ನೆಗಳನ್ನು ಕರ್ನಾಟಕದಲ್ಲಿಯೇ ಕುಳಿತು ದೀರ್ಘಕಾಲ ಬೆನ್ನಟ್ಟಿದವರು ಬೆಂಗಳೂರಿನ ಸಂಧ್ಯಾ ವಿಶ್ವೇಶ್ವರಯ್ಯ. ಅವರ ಕಾರ್ಯದ ಮಹತ್ತ್ವವನ್ನು ಗ್ರಹಿಸಲು ಕರುಳಿನ ನೀರಿನ ಲೆಕ್ಕವನ್ನು ಮೊದಲು ನೋಡಬೇಕು.

ಕುಡಿದ ನೀರು, ಉಂಡ ಆಹಾರ, ಜೊಲ್ಲು, ಪಿತ್ತ ಮತ್ತಿತರ ಜೀರ್ಣರಸಗಳು ಸೇರಿ ದಿನವೊಂದಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ವಯಸ್ಕನ ಕರುಳನ್ನು ಸೇರುತ್ತದೆ. ಇದರಲ್ಲಿ ಮಲದೊಡನೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದುದೆಲ್ಲವನ್ನೂ ಕರುಳು ಹೀರಿಕೊಳ್ಳುತ್ತದೆ. ಹೀರುವುದು ಮತ್ತು ಸ್ರವಿಸುವುದು ಎಂಬ ಈ ಎರಡು ಕ್ರಿಯೆಗಳ ನಡುವಣ ಸಮತೋಲ ಸ್ವಲ್ಪ ತಪ್ಪಿದರೂ ಸಾಕು, ಎಳೆಯ ಮಗುವಿನ ದೇಹ ಕೆಲವೇ ಗಂಟೆಗಳಲ್ಲಿ ಒಣಗತೊಡಗುತ್ತದೆ.

ಈ ಸಮತೋಲವನ್ನು ಕಾಯುವ ಅಂಗಗಳಲ್ಲಿ ಒಂದು, ಕರುಳಿನ ಒಳಪದರದ ಕೋಶಗಳ ಮೇಲಿರುವ ಗ್ವಾನಿಲಿಲ್ ಸೈಕ್ಲೇಸ್ ಸಿ ಎಂಬ ಗ್ರಾಹಕ. ಗ್ರಾಹಕವೆಂದರೆ ಕೋಶಪೊರೆಯನ್ನು ಹಾಯ್ದು ನಿಂತ ಒಂದು ಪ್ರೋಟೀನು. ಅದರ ಒಂದು ತುದಿ ಹೊರಗಿನಿಂದ ಬಂದ ಅಣುವನ್ನು ಗುರುತಿಸುತ್ತದೆ. ಇನ್ನೊಂದು ತುದಿ ಒಳಗೆ ಸುದ್ದಿ ಮುಟ್ಟಿಸುತ್ತದೆ. ಹೊರಗಿನ ಅಣು ಒಳಗೆ ಕಾಲಿಡುವುದೇ ಇಲ್ಲ. ಒಳಹೋಗುವುದು ಸುದ್ದಿ ಮಾತ್ರ. ಈ ಗ್ರಾಹಕದ ಒಳತುದಿಯೇ ಒಂದು ಕಿಣ್ವ. ಹೊರತುದಿಗೆ ಅಣುವು ಅಂಟಿದೊಡನೆ ಅದು ಕೋಶದಲ್ಲಿರುವ ಜಿಟಿಪಿಯನ್ನು ಸೈಕ್ಲಿಕ್ ಜಿಎಂಪಿಯಾಗಿ ಮಾರ್ಪಡಿಸುತ್ತದೆ. ಸೈಕ್ಲಿಕ್ ಜಿಎಂಪಿಯ ಪ್ರಮಾಣ ಏರಿದಾಗ ಕ್ಲೋರೈಡ್ ಕಾಲುವೆ ತೆರೆದು ಕ್ಲೋರೈಡ್ ಹೊರಹರಿಯುತ್ತದೆ, ಸೋಡಿಯಂ ಒಳಬರುವ ಒಂದು ದಾರಿ ಮುಚ್ಚುತ್ತದೆ. ಉಪ್ಪು ಹೋದ ಕಡೆಗೆ ನೀರೂ ಹೋಗುತ್ತದೆ. ಭೇದಿಯೆಂದರೆ ಇಷ್ಟೆ.

ಎಷರೀಷಿಯ ಕೋಲೈ ಉತ್ಪಾದಿಸುವ ಶಾಖಸ್ಥಿರ ವಿಷವು ಕೇವಲ 18 ಅಥವಾ 19 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಗಂಧಕದ ಮೂರು ಬಂಧಗಳು ಅದನ್ನು ಗಂಟಿನಂತೆ ಬಿಗಿದಿರುವುದರಿಂದ ಕುದಿಸಿದರೂ ಅದು ತನ್ನ ಗುಣವನ್ನು ಬಿಡುವುದಿಲ್ಲ. ಹಾಗಾದರೆ ನೀರನ್ನು ಕುದಿಸುವುದು ವ್ಯರ್ಥವೆ ಎಂದು ಓದುಗರು ಕೇಳಬಹುದು. ವ್ಯರ್ಥವಲ್ಲ, ಕುದಿತದಿಂದ ಬ್ಯಾಕ್ಟೀರಿಯ ಸಾಯುತ್ತದೆ, ವಿಷವು ಮುಖ್ಯವಾಗಿ ತಯಾರಾಗುವುದು ಬ್ಯಾಕ್ಟೀರಿಯವು ಕರುಳನ್ನು ಹೊಕ್ಕು ನೆಲೆಸಿದ ಬಳಿಕ. ಈ ವಿಷವು ಕರುಳಿನಲ್ಲಿ ಸೈಕ್ಲಿಕ್ ಜಿಎಂಪಿಯನ್ನು ಹೆಚ್ಚಿಸುತ್ತದೆಂದು 1978ರಲ್ಲಿ ತಿಳಿಯಿತು. 1990ರಲ್ಲಿ ಸ್ಟೆಫನಿ ಶುಲ್ಟ್ಸ್, ಡೇವಿಡ್ ಗಾರ್ಬರ್ಸ್ ಮತ್ತು ಸಂಗಡಿಗರು ಅದರ ಗ್ರಾಹಕದ ವಂಶವಾಹಿಯನ್ನು ಪ್ರತ್ಯೇಕಿಸಿದರು. ಆದರೆ ಒಗಟು ಅಲ್ಲಿಗೆ ಮುಗಿಯಲಿಲ್ಲ. ತನ್ನನ್ನು ಕೊಲ್ಲಬಲ್ಲ ವಿಷಕ್ಕೆ ದೇಹವೇ ಏಕೆ ಬಾಗಿಲನ್ನು ಕಡೆದಿಟ್ಟಿದೆ? ಉತ್ತರ 1992ರಲ್ಲಿ ದೊರೆಯಿತು. ಇಲಿಯ ಕರುಳಿನಿಂದಲೇ ಬೇರ್ಪಡಿಸಲಾದ ಗ್ವಾನಿಲಿನ್ ಎಂಬ ಹಾರ್ಮೋನು ಇದೇ ಗ್ರಾಹಕಕ್ಕೆ ಅಂಟುತ್ತದೆಂದು ಕಂಡುಬಂದಿತು. ಮರುವರ್ಷ ಒಪಾಸಮ್ ಎಂಬ ಪ್ರಾಣಿಯ ಮೂತ್ರದಲ್ಲಿ ಇನ್ನೊಂದು ಹಾರ್ಮೋನು, ಯೂರೋಗ್ವಾನಿಲಿನ್, ಸಿಕ್ಕಿತು. ಬಾಗಿಲು ಇದ್ದದ್ದು ಮನೆಯವರಿಗಾಗಿ. ಬ್ಯಾಕ್ಟೀರಿಯವು ಅದರ ಕೀಲಿಯನ್ನು ನಕಲು ಮಾಡಿತ್ತು. ದೇಹದ ಹಾರ್ಮೋನುಗಳಲ್ಲಿ ಗಂಧಕದ ಬಂಧಗಳು ಎರಡು, ವಿಷದಲ್ಲಿ ಮೂರು. ಹೀಗಾಗಿ ನಕಲು ಅಸಲಿಗಿಂತ ಹಲವು ಪಟ್ಟು ಪ್ರಬಲ.

ಇದೇ ಅವಧಿಯಲ್ಲಿ ಬೆಂಗಳೂರಿನ ಆಸ್ಟ್ರಾ ಸಂಶೋಧನ ಕೇಂದ್ರದಲ್ಲಿದ್ದ ಸಂಧ್ಯಾ ವಿಶ್ವೇಶ್ವರಯ್ಯ, ಮನುಷ್ಯನ ದೊಡ್ಡಕರುಳಿನ ಅರ್ಬುದದಿಂದ ಬೆಳೆಸಿದ ಟಿ84 ಎಂಬ ಕೋಶಗಳ ಮೇಲೆ ಈ ವಿಷದ ವರ್ತನೆಯನ್ನು ಅಳೆಯುತ್ತಿದ್ದರು. ಆ ಕುರಿತ ಅವರ ಪ್ರಬಂಧ 1992ರಲ್ಲಿಯೂ, ಮಾನವ ಗ್ರಾಹಕದ ಭಾಗಶಃ ಶುದ್ಧೀಕರಣದ ವಿವರ 1994ರಲ್ಲಿಯೂ ಪ್ರಕಟವಾದವು. ಅದೇ ದಶಕದಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ತಮ್ಮದೇ ಪ್ರಯೋಗಾಲಯವನ್ನು ಕಟ್ಟಿದರು. ಸಂಶೋಧಕರು ಹೊಸ ಹೊಸ ಅಣುಗಳ ಹಿಂದೆ ಓಡುತ್ತಿದ್ದ ಕಾಲದಲ್ಲಿ ಒಂದೇ ಗ್ರಾಹಕವನ್ನು ದಶಕಗಳ ಕಾಲ ಬಿಡದೆ ಹಿಡಿದದ್ದು ಅವರ ಕಾರ್ಯದ ವಿಶೇಷ. ಗ್ರಾಹಕವನ್ನು ಚಾಲೂ ಮಾಡುವುದು ಯಾವುದೆಂದು ಆ ವೇಳೆಗೆ ಜಗತ್ತಿಗೆ ತಿಳಿದಿತ್ತು. ಅದನ್ನು ನಿಲ್ಲಿಸುವುದು ಯಾವುದೆಂಬುದೇ ಅವರ ಪ್ರಶ್ನೆಯಾಯಿತು.

ಕೋಶವು ವಿಷದ ಮುಂದೆ ಕೈಕಟ್ಟಿ ಕುಳಿತಿರುವುದಿಲ್ಲ. ಟಿ84 ಕೋಶಗಳನ್ನು ದೀರ್ಘಕಾಲ ವಿಷದಲ್ಲಿರಿಸಿದಾಗ ಗ್ರಾಹಕವು ಮಂದವಾಗುತ್ತ ಹೋಗುವುದನ್ನೂ, ಜೊತೆಗೆ ಸೈಕ್ಲಿಕ್ ಜಿಎಂಪಿಯನ್ನು ಒಡೆದುಹಾಕುವ ಫಾಸ್ಫೋಡೈಎಸ್ಟರೇಸ್ ಕಿಣ್ವದ ಚಟುವಟಿಕೆ ಹೆಚ್ಚುವುದನ್ನೂ ಮಿಲಿಂದ ಬಾಕ್ರೆ ಅವರೊಡನೆ 1997ರಲ್ಲಿ ಅವರು ತೋರಿಸಿದರು. ಒಂದು ಕಡೆ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡುವುದು, ಇನ್ನೊಂದು ಕಡೆ ಬಚ್ಚಲಿನ ತೂತನ್ನು ಅಗಲಿಸುವುದು ಎಂಬಂತೆ ಇದು ಜೋಡಿ ಉಪಾಯ. ಇಲ್ಲಿ ಕೆಲಸ ಮಾಡುವ ಐದನೆಯ ಬಗೆಯ ಫಾಸ್ಫೋಡೈಎಸ್ಟರೇಸ್, ಸಿಲ್ಡೆನಾಫಿಲ್ ಎಂಬ ಪ್ರಸಿದ್ಧ ಗುಳಿಗೆಯು ಬೇರೆ ಉದ್ದೇಶಕ್ಕಾಗಿ ತಡೆಯುವ ಕಿಣ್ವವೇ ಹೌದು. ಮುಂದಿನ ವರ್ಷಗಳಲ್ಲಿ ಅವರ ಶಿಷ್ಯರು ಗ್ರಾಹಕದ ಹೊರಭಾಗಕ್ಕೆ ಅಂಟಿಕೊಂಡ ಸಕ್ಕರೆಯ ಸರಪಳಿಗಳ ಪಾತ್ರವನ್ನೂ, ಒಳಗಿನ ಕಿಣ್ವಭಾಗವನ್ನು ಹತೋಟಿಯಲ್ಲಿಡುವ ಒಂದು ಸಣ್ಣ ಕೊಂಡಿಯ ಪಾತ್ರವನ್ನೂ ವಿವರಿಸಿದರು. ಈ ಕೊಂಡಿಯ ಕುರಿತ ಪ್ರಬಂಧ 2009ರದು. ಓದಲು ಒಣ ವಿವರವೆನಿಸುವ ಇಂತಹ ಸಂಗತಿಗಳೇ ಮೂರು ವರ್ಷಗಳ ಬಳಿಕ ಬಹುದೂರದ ಒಂದು ಕುಟುಂಬದ ಸಂಕಟವನ್ನು ಬಿಡಿಸಲು ಒದಗಿಬಂದವು.

ನಾರ್ವೆಯ ಒಂದು ಮನೆತನದ 32 ಜನರಿಗೆ ಎಳವೆಯಿಂದಲೇ ಭೇದಿಯ ಬಾಧೆಯಿತ್ತು. ಯಾವ ಸೋಂಕೂ ಇರಲಿಲ್ಲ. ತಂದೆಯಿಂದಲೋ ತಾಯಿಯಿಂದಲೋ ದೋಷಯುಕ್ತ ವಂಶವಾಹಿಯ ಒಂದು ಪ್ರತಿ ಬಂದರೂ ಸಾಕು, ರೋಗ ತಪ್ಪುತ್ತಿರಲಿಲ್ಲ. ಕೆಲವರಲ್ಲಿ ಕರುಳಿನ ಉರಿಯೂತ, ಕರುಳಿನ ತಡೆ ಮುಂತಾದ ತೊಡಕುಗಳೂ ಕಾಣಿಸಿಕೊಂಡಿದ್ದವು. ಬರ್ಗನ್ ನಗರದ ಟೊರುನ್ ಫಿಸ್ಕರ್‌ಸ್ಟ್ರಾಂಡ್ ಮತ್ತು ಸಂಗಡಿಗರು ಆ ಮನೆತನದ ವಂಶವಾಹಿಗಳನ್ನು ಜಾಲಾಡಿದಾಗ ದೋಷವು ಗ್ವಾನಿಲಿಲ್ ಸೈಕ್ಲೇಸ್ ಸಿ ವಂಶವಾಹಿಯಲ್ಲಿ ಸಿಕ್ಕಿತು. 840ನೆಯ ಸ್ಥಾನದಲ್ಲಿರಬೇಕಾದ ಸೆರೀನ್ ಎಂಬ ಅಮೈನೋ ಆಮ್ಲದ ಬದಲಿಗೆ ಐಸೋಲ್ಯೂಸೀನ್ ಇತ್ತು. ಒಂದಕ್ಷರದ ತಪ್ಪು. ಈ ತಪ್ಪಿನಿಂದ ಗ್ರಾಹಕಕ್ಕೆ ಏನಾಗುತ್ತದೆಂಬುದನ್ನು ತಿಳಿಯುವ ಕಾರ್ಯದಲ್ಲಿ ಬೆಂಗಳೂರಿನ ಪ್ರಯೋಗಾಲಯ ಕೈಜೋಡಿಸಿತು. ಬದಲಾದ ಗ್ರಾಹಕವು ದೇಹದ ಸ್ವಂತ ಹಾರ್ಮೋನು ಅಂಟಿದಾಗಲೂ ಮಿತಿಮೀರಿ ಸೈಕ್ಲಿಕ್ ಜಿಎಂಪಿಯನ್ನು ತಯಾರಿಸುತ್ತಿತ್ತು. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಚ್ಚಾದ ಈ ಪ್ರಬಂಧದ ಲೇಖಕರಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಮತ್ತು ಅವರ ವಿದ್ಯಾರ್ಥಿನಿ ನಜ್ಲಾ ಅರ್ಷದ್ ಇದ್ದಾರೆ. ಬ್ಯಾಕ್ಟೀರಿಯವಿಲ್ಲದೆ, ವಿಷವಿಲ್ಲದೆ, ಕಡಿವಾಣ ಸಡಿಲವಾದ ಮಾತ್ರಕ್ಕೇ ರೋಗ ಬರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಇಂತಹದೇ ಬೇರೆ ಉತ್ಪರಿವರ್ತನೆಗಳಿಂದ ಹುಟ್ಟಿನಿಂದಲೇ ತೀವ್ರ ಭೇದಿಗೆ ತುತ್ತಾದ ಶಿಶುಗಳ ವಿವರ 2016ರಲ್ಲಿ ಹೊರಬಂದಿತು. ಅಲ್ಲಿಯೂ ಈ ಪ್ರಯೋಗಾಲಯದ ಪಾಲಿದೆ.

ಇದಕ್ಕೆ ವಿರುದ್ಧದ ಪ್ರಸಂಗವೂ ಉಂಟು. ಗ್ರಾಹಕವು ಕೆಲಸಮಾಡದ ಬೆಡುಯಿನ್ ಕುಟುಂಬಗಳ ಶಿಶುಗಳಲ್ಲಿ ಕರುಳು ಕಟ್ಟಿಕೊಳ್ಳುತ್ತಿದ್ದುದು 2012ರಲ್ಲಿಯೇ ವರದಿಯಾಯಿತು. ಅದೇ ವರ್ಷ ಅಮೆರಿಕದಲ್ಲಿ ದೀರ್ಘಕಾಲದ ಮಲಬದ್ಧತೆಗೆ ಲಿನಾಕ್ಲೋಟೈಡ್ ಎಂಬ ಔಷಧ ಮಂಜೂರಾತಿ ಪಡೆಯಿತು. ಅದು ಇದೇ ಬ್ಯಾಕ್ಟೀರಿಯ ವಿಷದ ಮಾದರಿಯಲ್ಲಿ ರೂಪಿಸಿದ ಅಣು. ಅಳೆದು ಕೊಟ್ಟರೆ ನಂಜೂ ಮದ್ದಾಗುತ್ತದೆ.

ಈ ಪ್ರಯೋಗಾಲಯವು ಕ್ಷಯರೋಗದ ಬ್ಯಾಕ್ಟೀರಿಯದಲ್ಲಿನ ಸೈಕ್ಲಿಕ್ ಎಎಂಪಿಯ ಬಗೆಗೂ ಗಣನೀಯ ಕೆಲಸ ಮಾಡಿದೆ. ಅದು ಪ್ರತ್ಯೇಕ ಪ್ರಬಂಧದ ವಸ್ತು. ಕರುಳಿನ ಗ್ರಾಹಕದ ಅಧ್ಯಯನವಂತೂ ನಿಲ್ಲಲಿಲ್ಲ. ನಾರ್ವೆಯ ಉತ್ಪರಿವರ್ತನೆಯನ್ನೇ ಹೊತ್ತ ಇಲಿಗಳಲ್ಲಿ ಕರುಳಿನ ಉರಿಯೂತವೂ, ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ಸಮುದಾಯದಲ್ಲಿ ಏರುಪೇರೂ ಉಂಟಾಗುವುದನ್ನು 2021ರ ಪ್ರಬಂಧ ನಿರೂಪಿಸಿತು. ನೀರು ಉಪ್ಪುಗಳ ಕಾವಲುಗಾರನೆಂದು ತಿಳಿಯಲಾಗಿದ್ದ ಗ್ರಾಹಕವು ಕರುಳಿನ ರಕ್ಷಣಾವ್ಯವಸ್ಥೆಯಲ್ಲಿಯೂ ಪಾಲುದಾರನೆಂದು ಇದರಿಂದ ತಿಳಿಯುವಂತಾಯಿತು.

ಇಷ್ಟೆಲ್ಲ ತಿಳಿದ ಮೇಲೂ ಕಾಯಿಲೆಬಿದ್ದ ಮಗುವಿಗೆ ಮೊದಲು ಕೊಡಬೇಕಾದುದು ಉಪ್ಪು ಮತ್ತು ಗ್ಲೂಕೋಸ್ ಬೆರೆತ ನೀರೇ ಆಗಿದೆ, ಅದರೊಡನೆ ಸತುವಿನ ಗುಳಿಗೆ. ವಿಷವು ಸೋಡಿಯಂನ ಒಂದು ದಾರಿಯನ್ನು ಮುಚ್ಚಿದರೂ, ಗ್ಲೂಕೋಸಿನ ಜೊತೆಗೂಡಿ ಸೋಡಿಯಂ ಒಳಬರುವ ಇನ್ನೊಂದು ದಾರಿಯನ್ನು ಮುಟ್ಟುವುದಿಲ್ಲ. ಪುನರ್ಜಲೀಕರಣದ ದ್ರಾವಣವು ಆ ದಾರಿಯನ್ನು ಬಳಸಿಕೊಳ್ಳುತ್ತದೆ. ಅಕ್ಕಿಯ ಪಿಷ್ಟವೂ ನಿಧಾನವಾಗಿ ಗ್ಲೂಕೋಸಾಗಿ ಒಡೆಯುವುದರಿಂದ, ಅಳತೆಯ ಉಪ್ಪು ಬೆರೆಸಿದ ಅಕ್ಕಿಯ ದ್ರಾವಣ ಇದೇ ತತ್ತ್ವದ ಮೇಲೆ ಕೆಲಸಮಾಡುತ್ತದೆ. ಕಾವೇರಿ ಬಯಲಿನ ಮನೆಗಳಲ್ಲಿ ರೋಗಿಗೆ ತಿಳಿಗಂಜಿ ಕೊಡುವ ರೂಢಿಯ ಹಿಂದಿನ ಯುಕ್ತಿ ಇದರಿಂದ ಅರ್ಥವಾಗುತ್ತದೆ. ಲಸಿಕೆಯ ಹಾದಿ ಮಾತ್ರ ಕಠಿಣವಾಗಿದೆ. ಶಾಖಸ್ಥಿರ ವಿಷವು ಅತಿ ಚಿಕ್ಕದಾದುದರಿಂದ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ತಾನಾಗಿ ಗುರುತಿಸುವುದಿಲ್ಲ. ಗುರುತಿಸುವಂತೆ ಮಾಡಿದರೂ ಅದಕ್ಕೆಂದು ಹುಟ್ಟಿದ ಪ್ರತಿಕಾಯಗಳು ಅದರ ರೂಪವನ್ನೇ ಹೋಲುವ ಯೂರೋಗ್ವಾನಿಲಿನ್‌ಗೂ ಅಂಟಬಹುದು. ಅಸಲನ್ನು ಬಿಟ್ಟು ನಕಲನ್ನು ಮಾತ್ರ ಹಿಡಿಯುವ ಲಸಿಕೆಗಾಗಿ, ವಿಷದ ಒಂದೊಂದು ಅಮೈನೋ ಆಮ್ಲವನ್ನೇ ಬದಲಿಸಿ ನೋಡುವ ಪ್ರಯತ್ನಗಳು ನಡೆದಿವೆ.