ಮೂರು ಡಬ್ಬಿ ಮದ್ದು

ಅಮೆರಿಕದ ಕ್ಯಾನ್ಸಾಸ್‌ನ ಒಂದು ಮನೆ. ಗ್ಯಾರೇಜಿನಲ್ಲಿ ಕಾರೊಂದು ಬಿಟ್ಟು ಮಿಕ್ಕೆಲ್ಲ ಇದೆ: ಮರದ ಮೇಜು, ಅದಕ್ಕೆ ಬೋಲ್ಟು ಹಾಕಿ ಬಿಗಿದ ಕೈಪ್ರೆಸ್ಸು, ಪುಟ್ಟ ತಕ್ಕಡಿ, ಹಿತ್ತಾಳೆಯ ಖಾಲಿ ತೋಟಾಗಳು. ತೀರಿಕೊಂಡ ಅಪ್ಪನ ಬೇಟೆ ಸರಂಜಾಮನ್ನು ಮಗ ಕೆಳಗಿಳಿಸುತ್ತಿದ್ದಾನೆ. ಅಟ್ಟದಿಂದ ಮದ್ದಿನ ಡಬ್ಬಿ ಮೂರು ಸಿಕ್ಕಿವೆ. ತೋಟಾ ತುಂಬುವುದರಲ್ಲಿ ಪಳಗಿದ ಪಕ್ಕದ ಮನೆಯ ಮುದುಕ ಪರೀಕ್ಷೆಗೆ ಬಂದು ನಿಂತಿದ್ದಾನೆ.

ಮೊದಲ ಡಬ್ಬಿಯ ಚೀಟಿಯಲ್ಲಿ 4895 ಎಂದಿದೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆಂದು ಮಾಡಿ ಮಿಕ್ಕ ಈ ಮದ್ದನ್ನು ಬ್ರೂಸ್ ಹಾಜ್ಡನ್ ಎಂಬಾತ ಸಗಟಾಗಿ ಕೊಂಡು, ಇದೇ ಸೀಮೆಯಿಂದ ಬೇಟೆಗಾರರಿಗೆ ಮಾರಿದ್ದ. ಮುದುಕ ಮುಚ್ಚಳ ತಿರುಗಿಸಿ, ಅಂಗೈಯಿಂದ ಗಾಳಿ ಎಳೆದುಕೊಂಡ. ಈಥರಿನ ತೆಳು ವಾಸನೆ. ಬಿಳಿ ಹಾಳೆಯ ಮೇಲೆ ಸುರಿದರೆ ಮುರಿದ ಪೆನ್ಸಿಲ್ ಕಡ್ಡಿಯಂಥ ಬೂದುಗಪ್ಪು ಚೂರುಗಳು, ಹೊಳಪಿದೆ, ಧೂಳಿಲ್ಲ. ಸದ್ಯಕ್ಕೆ ಪಾಸು.

ಎರಡನೆಯದನ್ನು ತೆರೆದದ್ದೇ ತಡ, ಮೂಗು ಉರಿಯಿತು. ಹಾಳೆಯ ಮೇಲೆ ಇಟ್ಟಿಗೆ ಬಣ್ಣದ ಪುಡಿ. ತಗಡಿನ ಒಳಮೈಗೆ ತುಕ್ಕು. ಈ ಡಬ್ಬಿಗಳಲ್ಲಿರುವಂಥ ಹೊಗೆಯಿಲ್ಲದ ಮದ್ದಿನ ಜೀವಾಳವಾದ ನೈಟ್ರೊಸೆಲ್ಯುಲೋಸ್ ಸುಮ್ಮನಿದ್ದಲ್ಲೇ ಕ್ಷಯಿಸುತ್ತದೆ. ಅದು ಬಿಡುವ ಅನಿಲ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಆಮ್ಲ ಕ್ಷಯವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ತಡೆಗೆಂದು ಬೆರೆಸುವ ಡೈಫಿನೈಲ್‌ಅಮೀನ್ ಒಂದು ದಿನ ಮುಗಿದೇ ಮುಗಿಯುತ್ತದೆ. ಬೇಸಿಗೆಯಲ್ಲಿ ಕಾಯುವ ಅಟ್ಟದಲ್ಲಿ ಆ ದಿನ ಬೇಗ ಬರುತ್ತದೆ. (ನಮ್ಮ ಹಳೆಯ ಗಂಧಕ, ಇದ್ದಿಲು, ಪೆಟ್ಲುಪ್ಪಿನ ಕರಿಮದ್ದಿಗೆ ಈ ಕಾಟವಿಲ್ಲ, ಅದಕ್ಕೆ ತೇವ ತಾಗದಿದ್ದರೆ ಸಾಕು.) ಇಂಥ ಕ್ಷಯವೇ ವಿಪರೀತಕ್ಕೆ ಹೋದರೆ ಮದ್ದು ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಫ್ರಾನ್ಸಿನ ತೂಲಾನ್ ಬಂದರಿನಲ್ಲಿ 1907ರಲ್ಲಿ 'ಇಯೆನಾ', 1911ರಲ್ಲಿ 'ಲಿಬರ್ತೆ' ಯುದ್ಧನೌಕೆಗಳು ಸಿಡಿದು ನೂರಾರು ಜನ ಸತ್ತಾಗ ಬೆರಳು ತೋರಿದ್ದು ಹಳಸಿದ ಮದ್ದಿನತ್ತಲೇ.

ಮೂರನೆಯದರ ವಾಸನೆ ಚೆನ್ನ, ಬಣ್ಣ ಚೆನ್ನ. ಆದರೆ ಅದು ಕಾಫಿ ಡಬ್ಬಿ. ಅಂಟುಪಟ್ಟಿಯ ಮೇಲೆ ಅಪ್ಪನ ಕೈಬರಹದಲ್ಲಿ ಇರುವುದು 'ಒಳ್ಳೆಯ ಮಾಲು' ಎಂದಷ್ಟೇ. ಮಗ ಅದನ್ನು ಇಟ್ಟುಕೊಳ್ಳುವ ಆಸೆಯಲ್ಲಿದ್ದ. ಮುದುಕ ಒಪ್ಪಲಿಲ್ಲ, ನನಗೂ ಅವನದೇ ಸರಿ ಕಾಣುತ್ತದೆ. ನಿಧಾನ ಉರಿಯುವ ರೈಫಲ್ ಮದ್ದೋ, ಸರ್ರನೆ ಉರಿಯುವ ಪಿಸ್ತೂಲಿನದೋ ಎಂದು ಮೂಗು ಹೇಳಲಾರದು. ರೈಫಲ್ ಮದ್ದಿನ ತೂಕದಲ್ಲಿ ಪಿಸ್ತೂಲಿನದನ್ನು ತುಂಬಿದರೆ ಕೆನ್ನೆಯ ಪಕ್ಕದಲ್ಲೇ ಕೋವಿ ಒಡೆಯಬಹುದು.

ಎರಡು, ಮೂರನೆಯವು ಹಿತ್ತಿಲಿನ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿಹೋದವು. 4895ನ್ನು ಮನೆಯ ತಣ್ಣನೆ ಮೂಲೆಗೆ ಒಯ್ದರು. ಕೈಪಿಡಿಯ ಅತಿ ಕಡಿಮೆ ಅಳತೆಯಿಂದ ಶುರುಮಾಡಬೇಕು, ಪ್ರತಿ ಸಲವೂ ಮೂಸಿಯೇ ತುಂಬಬೇಕು ಎಂಬ ಕರಾರಿನ ಮೇಲೆ.